ಎಂಟೂವರೆಗೆ ಒಂದು ಬೀಜ ಕಡಿಮೆ

ಎಂಟನೇ ತರಗತಿಗೆ ವರ್ಗಮೂಲ ಹೇಗೆ ಹೇಳಿಕೊಡಬೇಕು ಎಂದು ಕೇಳಲು ಕಳೆದ ತಿಂಗಳು ಹೊಸ ಟೀಚರಮ್ಮ ಒಬ್ಬಳು ನಮ್ಮ ಮನೆಗೆ ಬಂದಿದ್ದಳು. ಹಾನುಬಾಳು ಕಡೆಯ ಶಾಲೆ, ಅಂದರೆ ನಾನು ಇಪ್ಪತ್ತಾರು ವರ್ಷ ಸೀಮೆಸುಣ್ಣ ಸವೆಸಿದ ಶಾಲೆಯೇ. ಕೂರಿಸಿ ಕಾಫಿ ಕೊಟ್ಟೆ, ಎರಡು ಗಂಟೆ ಬಾಯಿ ನೋಯುವಷ್ಟು ಮಾತಾಡಿದೆ. ಹೇಳಬೇಕಾಗಿದ್ದ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದೆ. ಅವಳು ಗೇಟು ದಾಟಿದ ಮೇಲೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಅದಕ್ಕೇ ಈಗ ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಬಂತು, ಬೀಳ್ಕೊಡುಗೆಯಲ್ಲಿ ಎಷ್ಟು ಶಾಲು ಹೊದಿಸಿದರು ಎನ್ನುವುದು ಇಲ್ಲಿ ಸಿಗುವುದಿಲ್ಲ. ಆ ಶಾಲುಗಳು ಟ್ರಂಕಿನಲ್ಲಿವೆ, ಜಿರಲೆಗಳು ಬೆಚ್ಚಗಿವೆ.

ಮೊದಲು ನನ್ನ ಸ್ವಭಾವ ಹೇಳಿಬಿಡುತ್ತೇನೆ. ಕೋಪ ನನಗೆ ಮೂಗಿನ ತುದಿಯಲ್ಲೇ. ಮಕ್ಕಳು ಬೆನ್ನ ಹಿಂದೆ ನನ್ನನ್ನು 'ಮೆಣಸಿನ್ ಮಿಸ್' ಅನ್ನುತ್ತಿದ್ದರು. ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಹೊಡೆಯುತ್ತಿದ್ದುದು ಕಡಿಮೆ. ನನ್ನ ಬೆತ್ತ ಅಂದರೆ ಕೆಂಪು ಪೆನ್ನು. ಉತ್ತರ ತಪ್ಪಾದರೆ ಮಾರ್ಜಿನ್ನಿನಲ್ಲಿ ಸಣ್ಣದೊಂದು ಸೊನ್ನೆ ಹಾಕಿ ಬಿಡುವವಳಲ್ಲ ನಾನು. ಕೋಳಿಮೊಟ್ಟೆ ಗಾತ್ರದ್ದು ಹಾಕಿ, ಅದರ ಕೆಳಗೆ ಎರಡು ಗೆರೆ ಎಳೆಯುತ್ತಿದ್ದೆ. ಅದನ್ನೇ ಶಿಸ್ತು ಅಂದುಕೊಂಡಿದ್ದೆ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ವರ್ಗಮೂಲ ಎಂದರೆ ಭಾಗಾಕಾರ ಕ್ರಮ ಒಂದೇ. ಸಂಖ್ಯೆಯನ್ನು ಎರಡೆರಡು ಅಂಕಿಯ ಜೋಡಿ ಮಾಡು, ದೊಡ್ಡ ವರ್ಗ ಕಳೆ, ಮುಂದಿನ ಜೋಡಿ ಇಳಿಸು, ಮೇಲಿನದನ್ನು ದುಪ್ಪಟ್ಟು ಮಾಡು. ಮಕ್ಕಳು ಮಗ್ಗಿ ಒಪ್ಪಿಸಿದ ಹಾಗೆ ಮಾಡುತ್ತಿದ್ದರು. ಒಂದು ದಿನ ತಮಾಷೆಗೆ, ಐವತ್ತರ ವರ್ಗಮೂಲ ಸುಮಾರು ಎಷ್ಟಿರಬಹುದು, ಪೆನ್ನು ಮುಟ್ಟದೆ ಹೇಳಿ ಅಂದೆ. ಮೂರು ದಶಮಾಂಶದವರೆಗೆ ತಪ್ಪಿಲ್ಲದೆ ತೆಗೆಯುತ್ತಿದ್ದ ಹುಡುಗನೇ ಎದ್ದು ನಿಂತು ಇಪ್ಪತ್ತೈದು ಮಿಸ್ ಅಂದ. ಮೊದಲು ನಗು ಬಂತು. ಆಮೇಲೆ ಹೆದರಿಕೆಯಾಯಿತು. ವರ್ಷಗಟ್ಟಲೆ ನಾನು ಹೇಳಿಕೊಟ್ಟಿದ್ದು ಏನನ್ನು ಹಾಗಾದರೆ?

ನಮ್ಮ ಶಾಲೆಯ ಬೇಲಿಯಾಚೆ ಒಂದು ತೋಟದ ಕಾಫಿ ಒಣಗಿಸುವ ಕಣ ಇತ್ತು. ಮರುದಿನ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳಿ ಎರಡು ಹಿಡಿ ಕಾಫಿ ಬೀಜ ಇಸಿದುಕೊಂಡೆ. ನಲವತ್ತೊಂಬತ್ತು ಬೀಜ ಎಣಿಸಿ ಚೌಕವಾಗಿ ಜೋಡಿಸಿ ಅಂದೆ. ಏಳು ಸಾಲು, ಸಾಲಿಗೆ ಏಳು, ಚೆಂದವಾಗಿ ಕೂತವು. ಐವತ್ತನೆಯದನ್ನು ಕೈಗೆ ಕೊಟ್ಟು, ಇದನ್ನು ಎಲ್ಲಿ ಇಡುತ್ತೀರಿ ಅಂದೆ. ಎಲ್ಲಿಟ್ಟರೂ ಚೌಕ ಕೆಡುತ್ತದೆ. ಎಂಟರ ಚೌಕ ಆಗಬೇಕಾದರೆ ಏಳರ ಚೌಕದ ಮೇಲೆ ಹದಿನೈದು ಬೀಜ ಬೇಕು, ನಮ್ಮ ಹತ್ತಿರ ಇರುವುದು ಒಂದು. ಅಂದರೆ ಐವತ್ತರ ಮೂಲ ಏಳನ್ನು ದಾಟಿ ಹದಿನೈದರಲ್ಲಿ ಒಂದು ಪಾಲಿನಷ್ಟು ಮುಂದೆ ಇದೆ, ಸುಮಾರು 7.07. ಒಬ್ಬ ಹುಡುಗಿ ಭಾಗಾಕಾರ ಮಾಡಿ ನೋಡಿ, ಅಯ್ಯೋ ಸರಿಯಾಗೈತೆ ಮಿಸ್ ಅಂದಳು. ಹೊಸಬರಿಗೆ ನಾನು ಹೇಳುವ ಪಾಠದ ಮಾತು ಇಷ್ಟೇ: ಮೊದಲು ಅಂದಾಜು ಕಲಿಸಿ, ಭಾಗಾಕಾರ ಆಮೇಲೆ ಬರಲಿ.

ಇಲ್ಲಿಯವರೆಗೆ ನಾನು ಒಳ್ಳೆಯ ಟೀಚರು. ಎಡವಿದ್ದು ಇದರ ಮುಂದಿನ ಪಾಠದಲ್ಲಿ.

ಐವತ್ತರ ಮೂಲ, ಎರಡರ ಮೂಲ, ಇಂಥವು ಎಷ್ಟು ದಶಮಾಂಶ ತೆಗೆದರೂ ಮುಗಿಯುವುದಿಲ್ಲ, ಒಂದೇ ಅಂಕಿಗಳ ಗುಂಪು ಮತ್ತೆ ಮತ್ತೆ ಮರುಕಳಿಸುವುದೂ ಇಲ್ಲ. ಇವು ಅಭಾಗಲಬ್ಧ ಸಂಖ್ಯೆಗಳು. ಟ್ರೈನಿಂಗಿನಲ್ಲಿ ನಾನು ಇದನ್ನು ಬಾಯಿಪಾಠ ಮಾಡಿದ್ದೆ. ಬೋರ್ಡಿನ ಎಡಗಡೆ ಈ ವ್ಯಾಖ್ಯೆ ಬರೆಯುತ್ತಿದ್ದೆ, ಬಲಗಡೆ √2 = 1.414 ಎಂದು ಬರೆದು ಸುತ್ತ ಚೌಕ ಹಾಕುತ್ತಿದ್ದೆ. ಮುಗಿಯದ ಸಂಖ್ಯೆ ಮೂರು ಅಂಕಿಗೆ ಹೇಗೆ ಮುಗಿಯಿತು, ನಡುವೆ ಆ ಸಮ ಚಿಹ್ನೆ ಹೇಗೆ ಬಂತು ಎಂದು ಹನ್ನೊಂದು ವರ್ಷ ನನಗೆ ಅನ್ನಿಸಲೇ ಇಲ್ಲ. ಅನ್ನಿಸಿದ್ದು ಸವಿತಳಿಗೆ.

ಸವಿತ ಎಂದರೆ ಹಗ್ಗದ ಮಂಜಯ್ಯನವರ ಮಗಳು, ಒಬ್ಬಳೇ ಮಗಳು. ಸುತ್ತಿನ ತೋಟಗಳಲ್ಲಿ ಹೊಸದಾಗಿ ಕಾಫಿ ಗಿಡ ಹಾಕುವ ಮುಂಚೆ ಎಲ್ಲೆಲ್ಲಿ ಗುಂಡಿ ತೋಡಬೇಕು ಎಂದು ಗೂಟ ಹೊಡೆದು ಗುರುತು ಮಾಡುವುದು ಮಂಜಯ್ಯನವರ ಕೆಲಸ. ಆರಡಿಗೆ ಆರಡಿ ಚೌಕ. ಅವರ ಹತ್ತಿರ ಕತ್ತದ ಹಗ್ಗ ಒಂದಿತ್ತು, ಆರಡಿಗೊಂದು ಕೆಂಪು ಬಟ್ಟೆಯ ಚೂರು ಕಟ್ಟಿದ್ದು. ಅದರಲ್ಲಿ ಬೇರೆಯೇ ಒಂದು ಗಂಟು ಇತ್ತು, ಅದಕ್ಕೆ ಮೂಲೆಗಂಟು ಅನ್ನುತ್ತಿದ್ದರು. ಚೌಕದ ಈ ಮೂಲೆಯ ಗೂಟದಿಂದ ಎದುರು ಮೂಲೆಯ ಗೂಟಕ್ಕೆ ಹಗ್ಗ ಎಳೆದಾಗ ಆ ಗಂಟು ಸರಿಯಾಗಿ ಗೂಟದ ಮೇಲೆ ಕೂತರೆ ಚೌಕ ನೆಟ್ಟಗಿದೆ ಎಂದು ಅರ್ಥ. ಕೂರದಿದ್ದರೆ ಎಲ್ಲೋ ಸೊಟ್ಟವಾಗಿದೆ, ಕಿತ್ತು ಮತ್ತೆ ಹೊಡೆಯಬೇಕು. ರಜೆಯ ದಿನಗಳಲ್ಲಿ ಹಗ್ಗದ ಇನ್ನೊಂದು ತುದಿ ಹಿಡಿಯುತ್ತಿದ್ದವಳು ಸವಿತ.

ಒಂದು ದಿನ ತಪಾಸಣೆಗೆ ಇನ್‌ಸ್ಪೆಕ್ಟರ್ ಬಂದರು. ಹೆಡ್‌ಮಾಷ್ಟ್ರು ನಮ್ಮ ಕ್ಲಾಸಿಗೇ ಕರೆದುಕೊಂಡು ಬಂದರು, ಯಾಕೆಂದರೆ ನನ್ನ ಬೋರ್ಡು ಶಾಲೆಯಲ್ಲೇ ಅಚ್ಚುಕಟ್ಟು. ಅವರು ಬೋರ್ಡು ಓದಿ, ಏನಾದರೂ ಕೇಳುವುದಿದೆಯಾ ಮಕ್ಕಳೇ ಅಂದರು. ಇಂಥ ಹೊತ್ತಿನಲ್ಲಿ ಯಾವ ಮಗುವೂ ಬಾಯಿ ಬಿಡುವುದಿಲ್ಲ, ಅದು ಶಾಲೆಗಳ ಪದ್ಧತಿ. ಸವಿತ ಎದ್ದು ನಿಂತಳು.

"ಸಾ, ಮಿಸ್ ಬರ್ದಿರೋದು ಸಮ ಅಲ್ಲ," ಅಂದಳು. "ಗಂಟು ಅಲ್ಲಿ ಕೂರಲ್ಲ. 1.414 ಗುಣಿಸಿದ್ರೆ ಎರಡು ಬರಲ್ಲ. ಎಷ್ಟ್ ಅಂಕಿ ಹಾಕುದ್ರೂ ಬರಲ್ಲ. ಕೊನೇ ಅಂಕಿ ಯಾವ್ದಾದ್ರೂ ಆಗ್ಲಿ, ಅದನ್ನ ಅದ್ರಿಂದ್ಲೇ ಗುಣಿಸಿದ್ರೆ ಕೊನೇಲಿ ಸೊನ್ನೆ ಬರಲ್ವಲ್ಲ ಸಾ."

ಇನ್‌ಸ್ಪೆಕ್ಟರು ಜೋರಾಗಿ ನಕ್ಕುಬಿಟ್ಟರು. ನಿಮ್ಮ ಶಿಷ್ಯೆ ನಿಮಗಿಂತ ಮುಂದಿದ್ದಾಳಲ್ರೀ ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು ಎಂದು ಈಗ ಅನ್ನಿಸುತ್ತದೆ. ಆಗ ಮಕ್ಕಳೆಲ್ಲ ಅವರ ಜೊತೆ ನಕ್ಕರು, ಹೆಡ್‌ಮಾಷ್ಟ್ರೂ ನಕ್ಕರು, ನನ್ನ ಕಿವಿ ಕಾದ ಕಾವಲಿಯಾಯಿತು. ಅವಳನ್ನು ಕೂತುಕೋ ಎಂದು ಹೇಳಲೂ ಇಲ್ಲ. ಗಂಟೆ ಹೊಡೆಯುವವರೆಗೂ ನಿಂತೇ ಇದ್ದಳು.

ಮನೆಗೆ ಬಂದವಳೇ ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಗುಣಿಸಿದೆ. 1.414 ಗುಣಿಸು 1.414. ಉತ್ತರ 1.999396. ಇನ್ನೊಂದಷ್ಟು ಅಂಕಿ ಸೇರಿಸಿ ಗುಣಿಸಿದೆ, ಎರಡರ ಹತ್ತಿರ ಹತ್ತಿರ ಹೋಯಿತು, ಎರಡಾಗಲಿಲ್ಲ. ಕೊನೆಯ ಅಂಕಿಯ ಮಾತನ್ನೂ ನೋಡಿದೆ. ಒಂದರಿಂದ ಒಂಬತ್ತರವರೆಗೆ ಒಂದೊಂದನ್ನೂ ಅದರಿಂದಲೇ ಗುಣಿಸಿದೆ. 1, 4, 9, 6, 5, 6, 9, 4, 1. ಸೊನ್ನೆ ಎಲ್ಲೂ ಇಲ್ಲ. ಹದಿಮೂರು ವರ್ಷದ ಹುಡುಗಿ, ಯಾವ ಪುಸ್ತಕದಲ್ಲೂ ನೋಡದೆ, ಎರಡರ ಮೂಲ ಯಾಕೆ ಮುಗಿಯುವುದಿಲ್ಲ ಎಂದು ತಾನೇ ಕಂಡುಕೊಂಡಿದ್ದಳು. ಮರುಕಳಿಸುವುದಿಲ್ಲ ಎನ್ನುವುದಕ್ಕೆ ಇನ್ನೊಂದು ವಾದ ಬೇಕು, ಅದು ಬೇರೆ ಮಾತು. ಇಷ್ಟು ಗೊತ್ತಾಗಿಯೂ ನಾನು ಮಾರನೆಯ ದಿನ ಬೋರ್ಡಿನ ಮೇಲಿನ ಸಮ ಚಿಹ್ನೆಯನ್ನು ಅಳಿಸಲಿಲ್ಲ. ಅವಳ ಮುಖವನ್ನೂ ನೋಡಲಿಲ್ಲ.

ಆ ವರ್ಷ ಒಂದು ಅವಕಾಶ ಬಂದಿತ್ತು. ಸಕಲೇಶಪುರದಲ್ಲಿ ದಾನಿಯೊಬ್ಬರು ಹೆಣ್ಣುಮಕ್ಕಳಿಗೆ ಉಚಿತ ಹಾಸ್ಟೆಲ್ ನಡೆಸುತ್ತಿದ್ದರು. ನಮ್ಮ ಶಾಲೆಗೆ ಒಂದೇ ಸೀಟು, ಎಂಟನೇ ತರಗತಿಯ ವಾರ್ಷಿಕ ಪರೀಕ್ಷೆಯಲ್ಲಿ ಲೆಕ್ಕದಲ್ಲಿ ಅರವತ್ತು ತೆಗೆದ ಹುಡುಗಿಗೆ. ನಮ್ಮಲ್ಲಿ ಎಂಟರ ಮೇಲೆ ತರಗತಿ ಇರಲಿಲ್ಲ. ಮಂಜಯ್ಯನವರ ಮನೆಯಿಂದ ಬಸ್ಸು ಸಿಗುವ ರಸ್ತೆಗೇ ಒಂದು ಗಂಟೆಯ ಕಾಡುದಾರಿ. ಸೀಟು ಸಿಕ್ಕರೆ ಸವಿತ ಹೈಸ್ಕೂಲಿಗೆ, ಸಿಗದಿದ್ದರೆ ಹಗ್ಗದ ತುದಿಗೆ. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಪ್ರಶ್ನೆಪತ್ರಿಕೆ ಹೊರಗಿನಿಂದ ಬರುತ್ತಿತ್ತು, ಜೊತೆಗೆ ಮಾದರಿ ಉತ್ತರಗಳ ಹಾಳೆ. ನಾವು ಅದನ್ನು ಕೀ ಅನ್ನುತ್ತಿದ್ದೆವು. ಹಣೆಬರಹ ನೋಡಿ, ಐದು ಅಂಕದ ಪ್ರಶ್ನೆಯೊಂದು ಹೀಗಿತ್ತು: ಆರು ಅಡಿ ಬಾಹುವುಳ್ಳ ಚೌಕದ ಕರ್ಣದ ಉದ್ದ ಕಂಡುಹಿಡಿಯಿರಿ. ಮೂಲೆಯಿಂದ ಮೂಲೆಗೆ. ಕೀಯಲ್ಲಿ, ಆರನ್ನು 1.414ರಿಂದ ಗುಣಿಸಿ 8.484 ಅಡಿ ಎಂದಿತ್ತು. ಸವಿತ ಬರೆದಿದ್ದು ಇಷ್ಟು, ಇವತ್ತಿಗೂ ಅಕ್ಷರ ಅಕ್ಷರ ನೆನಪಿದೆ: 'ಕರ್ಣ ಅಂದರೆ 72ರ ವರ್ಗಮೂಲ. ಎಂಟೂವರೆಗೆ ಒಂದು ಕಾಫಿ ಬೀಜದ ದಪ್ಪ ಕಡಿಮೆ. 8.48ಕ್ಕಿಂತ ಹೆಚ್ಚು, 8.49ಕ್ಕಿಂತ ಕಡಿಮೆ. ಪೂರ್ತಿ ಬರೆಯಲು ಆಗುವುದಿಲ್ಲ, ಅದು ಮುಗಿಯುವುದಿಲ್ಲ.' ಪಕ್ಕದಲ್ಲಿ 8.48ನ್ನೂ 8.49ನ್ನೂ ಗುಣಿಸಿ ತೋರಿಸಿದ್ದಳು. ಎರಡೂ ಸರಿಯಾಗಿದ್ದವು.

ನಾನು ಸೊನ್ನೆ ಹಾಕಿದೆ. ಮೊಟ್ಟೆ ಗಾತ್ರದ್ದು, ಕೆಳಗೆ ಎರಡು ಗೆರೆ. ಗೊತ್ತಿಲ್ಲದೆ ಹಾಕಿದ್ದಲ್ಲ. ಗೊತ್ತಿದ್ದೇ ಹಾಕಿದೆ. ಕಾಫಿ ಬೀಜದ ದಪ್ಪವಂತೆ, ಪರೀಕ್ಷೆಯಲ್ಲೂ ನನಗೇ ಬುದ್ಧಿ ಹೇಳುತ್ತಾಳೆ ಎಂದು ಹಲ್ಲು ಕಚ್ಚಿ ಹಾಕಿದ್ದು. ಒಟ್ಟು ಐವತ್ತಾರು ಬಂತು.

ಹೆಡ್‌ಮಾಷ್ಟ್ರು ಆ ಉತ್ತರಪತ್ರಿಕೆ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಸಾಧು ಮನುಷ್ಯ, ಹೆದರುಪುಕ್ಕಲು. ಕೀ ನೋಡಿ, ಕಣ್ಣು ಮುಚ್ಚಿ ಹಾಕಿ ಎನ್ನುವುದು ಅವರದೇ ಮಾತು. ಅವತ್ತು ಮಾತ್ರ, ಈ ಮಗು ಏನೋ ಯೋಚನೆ ಮಾಡಿ ಬರೆದ ಹಾಗಿದೆ ಮೇಡಂ, ಒಂದು ನಾಲ್ಕು ಅಂಕ ಕೊಡಕ್ಕಾಗಲ್ವಾ ಅಂದರು. ನಾಲ್ಕು ಸಾಕಿತ್ತು, ಅರವತ್ತಾಗುತ್ತಿತ್ತು. ಕೀ ಪ್ರಕಾರ ಇಲ್ಲ ಸಾರ್ ಎಂದು ಅವರ ಮಾತನ್ನೇ ಅವರಿಗೆ ತಿರುಗಿಸಿ ಕೊಟ್ಟೆ. ನೀವು ಹಾಕಿದ್ದನ್ನ ನಾನು ತಿದ್ದಲ್ಲ ಎಂದು ಅವರು ಪತ್ರಿಕೆ ಮೇಜಿನ ಮೇಲಿಟ್ಟು ಹೋದರು. ಒಂದು ದಿನ ಅಲ್ಲೇ ಇತ್ತು ಅದು, ನನ್ನ ಕೈಯಳತೆಯಲ್ಲಿ. ಮಾರನೆಯ ದಿನ ಕಟ್ಟಿ ಬೀರುವಿಗೆ ಹಾಕಿದೆ.

ಫಲಿತಾಂಶ ಬಂದ ನಾಲ್ಕನೆಯ ದಿನ ಮಂಜಯ್ಯನವರು ಶಾಲೆಗೆ ಬಂದರು. ಹೆಗಲ ಮೇಲೆ ಹಗ್ಗದ ಸುರುಳಿ. ಕುರ್ಚಿ ತೋರಿಸಿದರೂ ಕೂರಲಿಲ್ಲ, ಬಾಗಿಲ ಮೆಟ್ಟಿಲ ಮೇಲೆ ಕೂತರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಆದರೂ ಅವತ್ತು ನಾನು ಮಾತಾಡಿಸಿದ್ದು ಏಕವಚನದಲ್ಲೇ. ಏನು ಮಂಜಯ್ಯ, ಏನು ಬಂದೆ ಅಂದೆ. ಅವರು ಹಗ್ಗ ಬಿಚ್ಚಿ ಮೂಲೆಗಂಟನ್ನು ಅಂಗೈಯ ಮೇಲಿಟ್ಟು ತೋರಿಸಿದರು.

"ಎಂಟೂವರೆಗೆ ಒಂದ್ ಬೀಜದ್ ದಪ್ಪ ಕಮ್ಮಿ ಕಟ್ಟಿವ್ನಿ ಮಿಸ್ಸೇ. ಎಂಟೂವರೆಗೇ ಕಟ್ಟುದ್ರೆ ಹತ್ತು ಚೌಕಕ್ಕೆ ಎರಡ್ ಬೆರ್ಳು, ಐವತ್ತಕ್ಕೆ ಒಂದ್ ಗೇಣು ತಪ್ಪೋಯ್ತದೆ. ನಮ್ಮಪ್ಪ ನಂಗೆ ಹೇಳ್ಕೊಟ್ಟದ್ದು, ನಾನು ಮಗೀಗೆ ಹೇಳ್ಕೊಟ್ಟೆ. ಅದ್ನೇ ಬರದೈತಂತೆ. ನಾನ್ ಹೇಳ್ಕೊಟ್ಟಿದ್ದು ತಪ್ಪಾ?"

ಅವರು ಅಂಕ ಕೇಳಲು ಬಂದಿರಲಿಲ್ಲ. ಇದನ್ನು ಗಮನವಿಟ್ಟು ಓದಿ. ಸೀಟು ಕೊಡಿಸಿ ಎಂದೂ ಕೇಳಲಿಲ್ಲ. ತಾನು ಕಲಿಸಿದ್ದು ಸರಿಯೋ ತಪ್ಪೋ ಎನ್ನುವುದಷ್ಟೇ ಅವರ ಪ್ರಶ್ನೆ. ಸರಿ ಮಂಜಯ್ಯ ಎಂಬ ಎರಡು ಪದ ನನ್ನ ಗಂಟಲಲ್ಲೇ ಇದ್ದವು. ಹೊರಗೆ ಬಂದದ್ದು ಬೇರೆ.

"ಹಗ್ಗದ ಲೆಕ್ಕ ತೋಟದಲ್ಲಿ ಇಟ್ಕೋ ಮಂಜಯ್ಯ," ಅಂದೆ. "ಇಲ್ಲಿ ಅದು ತಪ್ಪು."

ಅವರು ಗಂಟನ್ನು ಒಮ್ಮೆ ನೋಡಿಕೊಂಡರು. "ಹಂಗಾರೆ ತಪ್ಪು ನಂದೇ ಬುಡಿ," ಅಂದು ಹಗ್ಗ ಸುತ್ತಿಕೊಂಡು ಎದ್ದರು. ಗೇಟಿನ ಹೊರಗೆ ಸವಿತ ನಿಂತಿದ್ದಳು. ಅಪ್ಪ ಮಗಳು ಇಬ್ಬರೂ ಹಿಂದೆ ತಿರುಗಿ ನೋಡದೆ ಇಳಿಜಾರಿನಲ್ಲಿ ಹೋದರು. ಬೇರೆ ಯಾವ ಹುಡುಗಿಗೂ ಲೆಕ್ಕದಲ್ಲಿ ಅರವತ್ತು ಬಂದಿರಲಿಲ್ಲ. ಆ ವರ್ಷ ಹಾಸ್ಟೆಲಿನ ನಮ್ಮ ಸೀಟು ಖಾಲಿಯೇ ಉಳಿಯಿತು.

ಆಮೇಲೆ ಕಾಲ ನಿಲ್ಲುತ್ತದೆಯೇ? ಪಠ್ಯಪುಸ್ತಕ ಬದಲಾಯಿತು. ಸಮ ಚಿಹ್ನೆಯ ಜಾಗದಲ್ಲಿ 'ಸುಮಾರು' ಎನ್ನುವ ಅಲೆಯಲೆ ಗುರುತು ಬಂತು. ಒಂದು ಬೇಸಿಗೆಯಲ್ಲಿ ಹಾಸನದಲ್ಲಿ ನಮಗೆ ತರಬೇತಿ ಇಟ್ಟರು. ಎರಡರ ವರ್ಗಮೂಲ ಮುಗಿಯುವುದಿಲ್ಲ ಎಂದು ಮಕ್ಕಳಿಗೆ ಅವರ ಮಟ್ಟದಲ್ಲಿ ಹೇಗೆ ತೋರಿಸುತ್ತೀರಿ ಎಂದು ತರಬೇತುದಾರರು ಕೇಳಿದರು. ಎಲ್ಲರೂ ಪುಸ್ತಕ ತಿರುವುತ್ತಿದ್ದರು. ನಾನು ಎದ್ದು ಹೋಗಿ ಬೋರ್ಡಿನ ಮೇಲೆ ಬರೆದೆ: 1.414ಕ್ಕಿಂತ ಹೆಚ್ಚು, 1.415ಕ್ಕಿಂತ ಕಡಿಮೆ, ಕೊನೆಯ ಅಂಕಿ ಯಾವುದಾದರೂ ಗುಣಿಸಿದರೆ ಸೊನ್ನೆ ಬರುವುದಿಲ್ಲ, ಆದ್ದರಿಂದ ಮುಗಿಯುವುದಿಲ್ಲ. ಅವರು ಶಭಾಷ್ ಅಂದರು. ಕೋಣೆಯ ತುಂಬ ಚಪ್ಪಾಳೆ. ಇದು ನನ್ನದಲ್ಲ, ಒಬ್ಬ ಹುಡುಗಿಯದು ಎಂದು ಹೇಳಲಿಲ್ಲ. ಅವಳಿಗೆ ಸೊನ್ನೆ ತಂದ ಉತ್ತರಕ್ಕೆ ನನಗೆ ಚಪ್ಪಾಳೆ ಸಿಕ್ಕಿತ್ತು.

ಅಲ್ಲಿಂದ ಮುಂದೆ ಬೇರೆ ಥರ ಪಾಠ ಮಾಡಿದೆ, ಸುಳ್ಳು ಹೇಳುವುದಿಲ್ಲ. ಕೆಂಪು ಪೆನ್ನು ಬಿಟ್ಟು ಪೆನ್ಸಿಲ್ ಹಿಡಿದೆ. ಕೀಯಲ್ಲಿ ಇಲ್ಲದ ಉತ್ತರ ಕಂಡರೆ ಮಗುವನ್ನು ಕರೆದು, ಇದು ಹೇಗೆ ಬಂತು ಎಂದು ಕೇಳುವುದನ್ನು ಕಲಿತೆ. ನೌಕರಿಯ ಕೊನೆಯ ವರ್ಷಗಳಲ್ಲಿ ಮಕ್ಕಳು ಮನೆಯಲ್ಲಿ ಅಪ್ಪನ ಫೋನಿನಲ್ಲಿ ವರ್ಗಮೂಲ ಒತ್ತಿ ನೋಡಿಕೊಂಡು ಬರುತ್ತಿದ್ದರು. ಒಬ್ಬ ಬಂದು 1.41421356ಕ್ಕೆ ಮುಗೀತು ಮಿಸ್, ಫೋನೇ ಹೇಳೈತೆ ಅಂದ. ಕೊನೆಯ ಆರನ್ನು ಆರರಿಂದ ಗುಣಿಸಪ್ಪ ಅಂದೆ. ಮೂವತ್ತಾರು, ಕೊನೇಲಿ ಆರು ಬಂತು, ಸೊನ್ನೆ ಬರ್ಲಿಲ್ಲ ಅಂದ. ಹಾಗಾದರೆ ಮುಗಿದಿಲ್ಲ, ಫೋನಿಗೆ ಜಾಗ ಸಾಲಲಿಲ್ಲ ಅಂದೆ. ಹೀಗೆ ಎಷ್ಟು ಮಕ್ಕಳಿಗೆ ಹೇಳಿದ್ದೇನೋ. ಎಲ್ಲರಿಗೂ ಹೇಳಿದೆ, ಹೇಳಬೇಕಾದ ಇಬ್ಬರಿಗೆ ಹೇಳಲಿಲ್ಲ.

ನಿವೃತ್ತಿಯಾಗಿ ಸಕಲೇಶಪುರಕ್ಕೆ ಬಂದು ನೆಲೆಸಿ ಐದು ವರ್ಷವಾಯಿತು. ಏಳು ತಿಂಗಳ ಹಿಂದೆ ಬಟ್ಟೆ ಒಣಗಿಸುವ ಹಗ್ಗ ತರಲು ಪೇಟೆಯ ಅಂಗಡಿಗೆ ಹೋಗಿದ್ದೆ. ಪಕ್ಕದಲ್ಲಿ ಒಬ್ಬ ಹೆಂಗಸು ನೈಲಾನ್ ಬೇಡ, ಅದು ಎಳೆದರೆ ಹಿಗ್ಗುತ್ತದೆ, ಕತ್ತದ್ದೇ ಕೊಡಿ ಎಂದು ಅಂಗಡಿಯವನ ಹತ್ತಿರ ಚೌಕಾಸಿ ಮಾಡುತ್ತಿದ್ದಳು. ಹಗ್ಗವನ್ನು ಎದೆಗೂ ಕೈಗೂ ಹಿಡಿದು ಅಳೆಯುವ ರೀತಿ ನೋಡಿಯೇ ಇವಳು ಸವಿತಳೇ ಇರಬೇಕು ಅನ್ನಿಸಿತು. ಅವಳೇ ಮೊದಲು ನನ್ನನ್ನು ಗುರುತಿಸಿ ಮಿಸ್ ಅಂದಳು. ಕಾಲಿಗೆ ಬಗ್ಗಿದಳು.

ಯಸಳೂರು ಕಡೆಗೆ ಮದುವೆಯಾಗಿದ್ದಾಳೆ. ಗಂಡನಿಗೆ ಸ್ವಲ್ಪ ಕಾಫಿ, ಮೆಣಸು ಇದೆ. ತೋಟಗಳಲ್ಲಿ ಗೂಟ ಹೊಡೆಯುವ ಕೆಲಸವನ್ನು ಈಗ ಅವಳೇ ನಡೆಸುತ್ತಾಳೆ, ಕೈಕೆಳಗೆ ನಾಲ್ಕು ಜನ ಹೆಂಗಸರು. ಅಪ್ಪ ಎಲ್ಲಿದ್ದಾರೆ ಎಂದು ಕೇಳಿದೆ. ನಮ್ಮನೇಲೇ ಅವ್ರೆ ಮಿಸ್, ಕಣ್ಣು ಅಷ್ಟು ಕಾಣಲ್ಲ, ನಿಮ್ಮನ್ನ ಆಗಾಗ ಕೇಳ್ತಿರ್ತಾರೆ, ಒಂದ್ಸಲ ಬನ್ನಿ ಅಂದಳು. ಬರುವ ವಾರವೇ ಬರುತ್ತೇನೆ ಎಂದೆ. ಬಸ್ಸು ಎಲ್ಲಿ ನಿಲ್ಲುತ್ತದೆ, ಇಳಿದು ಯಾವ ಕಡೆ ನಡೆಯಬೇಕು ಎಂದೆಲ್ಲ ಹೇಳಿ ಹೋದಳು.

ಬರುವ ವಾರ ಮೊಣಕಾಲು ನೋವು ಅಂದುಕೊಂಡೆ. ಅದರ ಮುಂದಿನ ವಾರ ಮಳೆ. ಆಮೇಲೆ ಯಾರದೋ ಗೃಹಪ್ರವೇಶ. ಒಂದು ದಿನ ಸೀರೆ ಉಟ್ಟು, ಹಣ್ಣು ತಂದಿಟ್ಟುಕೊಂಡು, ಬಸ್ಸಿನ ಹೊತ್ತಿಗೆ ತಲೆನೋವು ಬರಿಸಿಕೊಂಡು ಮಲಗಿದೆ. ಹೋಗಿ ಏನೆಂದು ಹೇಳುವುದು? ನಿನ್ನ ಗಂಟು ಸರಿ ಇತ್ತು, ನನಗೆ ಅವತ್ತೇ ಗೊತ್ತಿತ್ತು ಎಂದು ಕಣ್ಣು ಕಾಣದ ಮುದುಕರ ಮುಂದೆ ಹೇಗೆ ಹೇಳುವುದು? ನಾಚಿಕೆ ಎನ್ನುವುದು ಬೇಕಾದಾಗ ಬರಲಿಲ್ಲ, ಬೇಡವಾದಾಗ ಬಂದು ಕಾಲು ಕಟ್ಟಿತು. ಆ ಹೊಸ ಟೀಚರಮ್ಮ ಬಂದುಹೋದಳಲ್ಲ, ಅವಳ ಮುಂದೆಯೂ ಬಾಯಿ ಬಿಡಲಾಗಲಿಲ್ಲ ಎಂದು ತಿಳಿದ ಮೇಲೆ, ಮರುದಿನ ಬೆಳಿಗ್ಗೆ ಯಸಳೂರು ಬಸ್ಸು ಹತ್ತಿದೆ.

ಸವಿತ ಅಂಗಳದಲ್ಲೇ ಇದ್ದಳು. ಕೈ ಒರೆಸಿಕೊಂಡು ಓಡಿ ಬಂದಳು, ಒಳಗೆ ಕರೆದು ಕೂರಿಸಿದಳು. ಗೋಡೆಯ ಮೇಲೆ ಮಂಜಯ್ಯನವರ ಫೋಟೋ, ಅದಕ್ಕೆ ಗಂಧದ ಹಾರ. ನಾನು ನೋಡಿದ್ದನ್ನು ನೋಡಿ, ಎರಡು ತಿಂಗಳಾಯ್ತು ಮಿಸ್ ಅಂದಳು.

ಆದರೂ ಬಂದ ಮೇಲೆ ಹೇಳಲೇಬೇಕು ಎಂದು ಎಲ್ಲ ಹೇಳಿದೆ. ಕ್ಯಾಲೆಂಡರಿನ ಬೆನ್ನ ಮೇಲೆ ಗುಣಿಸಿದ್ದು, ಗೊತ್ತಿದ್ದೇ ಸೊನ್ನೆ ಹಾಕಿದ್ದು, ಹೆಡ್‌ಮಾಷ್ಟ್ರು ಕೇಳಿದ್ದು, ಹಾಸನದ ಚಪ್ಪಾಳೆ. ನಿನ್ನ ಉತ್ತರ ಸರಿ ಇತ್ತು ಕಣಮ್ಮ, ಪೂರ್ತಿ ಐದು ಅಂಕದ್ದು ಅಂದೆ. ಅಳು ತಡೆಯಲಾಗಲಿಲ್ಲ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಲೋಟದ ಕಾಫಿಯನ್ನು ನನ್ನ ಕಡೆ ಸರಿಸಿದಳು.

"ನಂಗೆ ಅವತ್ತೇ ಗೊತ್ತಿತ್ತು ಮಿಸ್, ಸರಿ ಐತೆ ಅಂತ. ತೋಟಕ್ಕೆ ಹೋದ್ರೆ ದಿನಾ ಗೊತ್ತಾಗ್ತಿತ್ತಲ್ಲ. ಗೊತ್ತಾಗ್ದೆ ಹೋಗಿದ್ದು ಅಪ್ಪಂಗೆ."

ಎದ್ದು ಹೋಗಿ ಒಳಗಿನಿಂದ ಹಳೆಯ ಹಗ್ಗ ತಂದಳು. ಕೆಂಪು ಬಟ್ಟೆಯ ಚೂರುಗಳು ಬಣ್ಣಗೆಟ್ಟು ಮಣ್ಣಾಗಿದ್ದವು. ನಾನು ಮೂಲೆಗಂಟಿಗಾಗಿ ಕೈಯಾಡಿಸಿದೆ. ಗಂಟು ಇರಲಿಲ್ಲ. ಇದ್ದ ಜಾಗದಲ್ಲಿ ನಾರು ಮುರುಟಿಕೊಂಡು ನಿಂತಿತ್ತು.

"ಇಸ್ಕೂಲಿಂದ ಬಂದವ್ರು ಅವತ್ತೇ ಬಿಚ್ಚಾಕ್ಬುಟ್ರು," ಅಂದಳು. "ನನ್ ಹಗ್ಗ ನೆಚ್ಕೊಂಡು ಮಗು ಓದೋದು ತಪ್ಪೋಯ್ತು ಅನ್ನೋರು. ಆಮೇಲೆ ಕಣ್ಣಳತೇಲೇ ಗೂಟ ಹೊಡದ್ರು, ಸಾಲು ಸೊಟ್ಟ ಆದ್ರೆ ಕಿತ್ತು ಕಿತ್ತು ಹೊಡದ್ರು. ನಾನು ಬೇರೆ ಹಗ್ಗಕ್ಕೆ ಗಂಟು ಕಟ್ಟುದ್ರೆ, ಬ್ಯಾಡ ಕಣವ್ವ, ಅದು ತಪ್ಪು ಅಂತ ಮಿಸ್ಸೇ ಹೇಳವ್ರೆ ಅನ್ನೋರು. ಸರಿ ಐತೆ ಅಪ್ಪ ಅಂತ ಎಷ್ಟ್ ಹೇಳುದ್ರೂ ನನ್ ಮಾತು ಕೇಳ್ತಿರ್ಲಿಲ್ಲ. ನಿಮ್ ಮಾತಾಗಿದ್ರೆ ಕೇಳೋರು ಮಿಸ್."

ಅವರು ನನ್ನನ್ನು ಯಾಕೆ ಕೇಳುತ್ತಿದ್ದರು ಎಂದೆ. ಅದನ್ನು ಕೇಳಬಾರದಿತ್ತು. ಅವತ್ತು ಶಾಲೆಯವರೆಗೂ ಹೋಗಿ ಟೀಚರಿಗೆ ಎದುರು ಮಾತಾಡಿದೆ ಎಂದು ಅವರ ಮನಸ್ಸಿನಲ್ಲಿ ಕೊನೆಯವರೆಗೂ ಇತ್ತಂತೆ. ಒಂದು ಸಲ ಸಿಕ್ಕರೆ ತಪ್ಪಾಯಿತು ಅನ್ನಬೇಕು ಎನ್ನುತ್ತಿದ್ದರಂತೆ. ಪೇಟೆಯಲ್ಲಿ ಮಿಸ್ ಸಿಕ್ಕಿದ್ದರು, ಬರುವ ವಾರ ಬರುತ್ತಾರೆ ಎಂದು ಸವಿತ ಹೇಳಿದ ಮೇಲೆ, ಬಸ್ಸಿನ ಸದ್ದು ಕೇಳಿದಾಗೆಲ್ಲ ಅಂಗಳಕ್ಕೆ ಬಂದು ನಿಲ್ಲುತ್ತಿದ್ದರಂತೆ.

ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾನು ಬೇರೆ ಏನೂ ಹೇಳಲಾರೆ. ಸೊನ್ನೆ ಹಾಕುವ ಮುಂಚೆ ಮನೆಗೆ ಹೋಗಿ ಗುಣಿಸಿ ನೋಡಿ ಎಂದು ಬರೆಯೋಣ ಅಂದುಕೊಂಡಿದ್ದೆ. ನಾನು ಗುಣಿಸಿ ನೋಡಿದ್ದೆ. ನೋಡಿಯೂ ಹಾಕಿದೆ. ಹಾಗಾಗಿ ಇಷ್ಟೇ ಹೇಳುತ್ತೇನೆ: ಹಾಕಿದ್ದು ತಪ್ಪು ಎಂದು ತಿಳಿದ ದಿನವೇ ಆ ಮಗುವಿನ ಮನೆಗೆ ಹೋಗಿ, ಮನೆಯವರ ಮುಂದೆ ಹೇಳಿ ಬನ್ನಿ.

ಸಂಜೆ ಸವಿತ ಬಸ್ಸಿನವರೆಗೂ ಬಂದು ಕಳಿಸಿದಳು. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಇಳಿದದ್ದು ನಮ್ಮ ಮನೆಯ ಗೇಟಿನ ಎದುರಿಗೇ. ಯಸಳೂರು ಬಸ್ಸು ದಿನಕ್ಕೆ ನಾಲ್ಕು ಸಲ ಅಲ್ಲಿ ನಿಂತು ಹೋಗುತ್ತದೆ. ಹೋಗದೆ ಕಳೆದ ಆ ಆರು ತಿಂಗಳೂ ನಾನು ಜಗಲಿಯ ಮೇಲೆ ಕೂತು ಅದನ್ನು ನೋಡುತ್ತಿದ್ದೆ.